ಶ್ವಾಸಕೋಶ ತೇಲಿತು, ಲಿವರ್ ಕೂಡ ತೇಲಿತು: ನವಜಾತ ಶಿಶುವಿನ ಸಾವಿನ ಒಂದು ಪ್ರಕರಣ

ಇದು ಐಪಿಸಿಯ ಜಾಗಕ್ಕೆ ಹೊಸ ಕಾನೂನು, ಭಾರತೀಯ ನ್ಯಾಯ ಸಂಹಿತೆ, ಜಾರಿಗೆ ಬಂದ ಮೇಲಿನ, ಅಂದರೆ 2024ರ ಜುಲೈ ನಂತರದ ಕೇಸು. ಊರು, ವಯಸ್ಸು, ಕೆಲಸ, ಮನೆಯವರ ವಿವರ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದನ್ನು ಮಾತ್ರ ಬದಲಿಸಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಪಿಎಂ ಮಾಡುವ ಕಿರಿಯ ಡಾಕ್ಟರುಗಳಿಗೆ, ಇಂಥ ಕೇಸು ಕೈಗೆ ಬಂದ ಪೊಲೀಸರಿಗೆ, ವಕೀಲರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಬೇಸಿಗೆ. ಒಂದು ಸೋಮವಾರ ಬೆಳಗ್ಗೆ ಸಗಣಿ ಹಾಕಲು ಹೋದ ಹೆಂಗಸೊಬ್ಬರಿಗೆ ಪಕ್ಕದ ಮನೆಯವರ ತಿಪ್ಪೆಯಲ್ಲಿ ಹಳೇ ಸೀರೆಯ ಗಂಟು ಕಂಡಿತು. ಒಳಗೆ ಹೆಣ್ಣು ಶಿಶುವಿನ ಶವ. ಆ ಮನೆಯಲ್ಲಿ ಇದ್ದವರು ಇಬ್ಬರೇ: ಇಪ್ಪತ್ತರ ಆಸುಪಾಸಿನ, ಗಾರ್ಮೆಂಟ್ಸ್‌ಗೆ ಹೋಗುವ ಮದುವೆಯಾಗದ ಹುಡುಗಿ ಮತ್ತು ಅವಳ ತಾಯಿ. ಹುಡುಗಿ ಶನಿವಾರದಿಂದ ಹೊಟ್ಟೆನೋವು ಅಂತ ಮಲಗಿದ್ದಳು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಪೊಲೀಸರು ಬರುವ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು. ಮಧ್ಯಾಹ್ನಕ್ಕೆ ಲೋಕಲ್ ಚಾನೆಲ್ಲಿನಲ್ಲಿ 'ಪಾಪಿ ತಾಯಿ' ಅಂತ ಪಟ್ಟಿ ಓಡಿತು. ನಮ್ಮಲ್ಲಿ ಇಂಥ ಸುದ್ದಿಗೆ ಬೇರೆ ಹೆಡ್ಡಿಂಗೇ ಇಲ್ಲವಲ್ಲ.

ಶವ ಮೊದಲು ಹೋಗಿದ್ದು ತಾಲ್ಲೂಕು ಆಸ್ಪತ್ರೆಗೆ. ಡ್ಯೂಟಿಯಲ್ಲಿದ್ದವರು ಎಂಬಿಬಿಎಸ್ ಮುಗಿಸಿ ಹೆಚ್ಚು ದಿನ ಆಗಿರದ ಡಾಕ್ಟರು. ಶಿಶುವಿನ ಕುತ್ತಿಗೆಯ ಸುತ್ತ ಕಂದುಬಣ್ಣದ ಗೆರೆ ಎದ್ದು ಕಾಣುತ್ತಿತ್ತು. "ಹಿಸುಕಿರೋದು ಕಾಣ್ತಾನೇ ಇದೆಯಲ್ಲ ಮೇಡಂ, ಬೇಗ ಮುಗಿಸಿಕೊಡಿ" ಅಂದರು ಸಬ್ ಇನ್‌ಸ್ಪೆಕ್ಟರು. ಆಕೆ ಕತ್ತರಿ ಹಿಡಿಯಲಿಲ್ಲ. 'ವಿಧಿವಿಜ್ಞಾನ ವೈದ್ಯರೇ ಮಾಡಬೇಕಾದ ಕೇಸು, ಮೆಡಿಕಲ್ ಕಾಲೇಜಿಗೆ ಕಳಿಸಿ' ಅಂತ ಬರೆದು ಸಹಿ ಹಾಕಿದರು. ಬೈಗುಳ ತಿಂದರು. 'ಡಾಕ್ಟರು ಹೆದರಿಕೊಂಡರು' ಅನ್ನುವ ಮಾತೂ ಬಂತು. ಈ ಕೇಸಿನಲ್ಲಿ ಮೊದಲ ಒಳ್ಳೆಯ ನಿರ್ಧಾರ ಅದೇ. ಶಿಶುವಿನ ಕುತ್ತಿಗೆಯನ್ನು ಒಂದೇ ಸಲ ಬಿಡಿಸಲು ಆಗುವುದು. ಒಮ್ಮೆ ಹೇಗೋ ಬಿಡಿಸಿಟ್ಟರೆ ಎರಡನೇ ಡಾಕ್ಟರಿಗೆ ಅಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಆದರೆ ಅಲ್ಲಿ ಶವ ಇಡುವ ಫ್ರೀಜರ್ ಕೆಟ್ಟಿತ್ತು. ಮಂಗಳವಾರ ಬೆಳಗ್ಗೆ ನಮ್ಮ ಶವಾಗಾರಕ್ಕೆ ಬರುವಷ್ಟರಲ್ಲಿ ಕೊಳೆಯಲು ಶುರುವಾಗಿತ್ತು. ಹೊಟ್ಟೆ ಹಸಿರಾಗಿ, ಚರ್ಮ ಅಲ್ಲಲ್ಲಿ ಸುಲಿಯುತ್ತಿತ್ತು.

ಜೊತೆಗೆ ಬಂದ ಕೋರಿಕೆ ಪತ್ರದಲ್ಲಿ ಮೂರು ಪ್ರಶ್ನೆ ಇತ್ತು. ಮಗು ಜೀವಂತ ಹುಟ್ಟಿತ್ತೇ? ಕುತ್ತಿಗೆ ಹಿಸುಕಿ ಕೊಲ್ಲಲಾಗಿದೆಯೇ? ಸತ್ತು ಎಷ್ಟು ಹೊತ್ತಾಗಿದೆ? ಮಗುವಿಗೆ ಎಷ್ಟು ತಿಂಗಳು ತುಂಬಿತ್ತು, ಹುಟ್ಟುವಾಗ ಏನಾಯಿತು, ಹೆತ್ತವಳು ಈಗ ಹೇಗಿದ್ದಾಳೆ, ಇವು ಯಾವುವೂ ಇರಲಿಲ್ಲ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 103 ಮತ್ತು 94 ಎರಡನ್ನೂ ಹಾಕಿದ್ದರು. 103 ಕೊಲೆ. 94 ಅಂದರೆ ಶಿಶುವಿನ ಶವವನ್ನು ಗುಟ್ಟಾಗಿ ಸಾಗಿಸಿ ಹುಟ್ಟನ್ನು ಮುಚ್ಚಿಡುವುದು, ಹಳೇ ಐಪಿಸಿಯ 318. ಅದಕ್ಕೆ ಹೆಚ್ಚೆಂದರೆ ಎರಡು ವರ್ಷ. ಕೊಲೆಗೆ ಜೀವಾವಧಿ, ಇಲ್ಲವೇ ಗಲ್ಲು. ಇಂಗ್ಲೆಂಡಿನಲ್ಲಿ 1922ರಿಂದಲೂ ಶಿಶುಹತ್ಯೆಗೆ ಬೇರೆಯೇ ಕಾನೂನಿದೆ, ಹೆರಿಗೆಯ ನಂತರ ತಾಯಿಯ ಮನಸ್ಸಿನ ಸಮತೋಲನ ಕದಡಿರುತ್ತದೆ ಅನ್ನುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ ಎರಡು ವರ್ಷಕ್ಕೂ ಜೀವಾವಧಿಗೂ ನಡುವೆ ನಿಲ್ಲುವುದು ಹೆಚ್ಚು ಕಡಿಮೆ ಡಾಕ್ಟರ ವರದಿಯ ನಾಲ್ಕು ಸಾಲು.

ಮೊದಲು ಬಟ್ಟೆ ಸಮೇತ ಫೋಟೋ, ಆಮೇಲೆ ಇಡೀ ಮೈಯ ಎಕ್ಸ್‌ರೇ. ಕೊಯ್ಯುವ ಮೊದಲೇ ಇದಾಗಬೇಕು. ಮೂಳೆ ಎಲ್ಲೂ ಮುರಿದಿರಲಿಲ್ಲ. ತೊಡೆಮೂಳೆಯ ಕೆಳತುದಿಯಲ್ಲಿ ಮೂಳೆಗಟ್ಟುವ ಚುಕ್ಕೆ ಕಾಣಿಸಿತು, ಅಂದರೆ ಒಂಬತ್ತನೇ ತಿಂಗಳು ಮುಟ್ಟಿದ ಶಿಶು. ಹೊಟ್ಟೆಚೀಲದಲ್ಲಿ ಗಾಳಿಯೂ ಕಂಡಿತು. ನಮ್ಮ ಪಿಜಿ ಹುಡುಗ ತಕ್ಷಣ, "ಸರ್, ಗಾಳಿ ನುಂಗಿದೆ, ಜೀವ ಇತ್ತು" ಅಂದ. ಪುಸ್ತಕದಲ್ಲಿ ಹಾಗೆ ಬರೆದಿದೆ, ಸುಳ್ಳಲ್ಲ. ಬರೆದಿಟ್ಟುಕೋ, ಆದರೆ ಈಗಲೇ ಏನೂ ತೀರ್ಮಾನ ಮಾಡಬೇಡ ಅಂದೆ.

ಈಗ ಆ ಕುತ್ತಿಗೆಯ ಗೆರೆ. ಎಲ್ಲರೂ ನೋಡಿದ್ದು ಇದನ್ನೇ. ಲೆನ್ಸ್ ಹಿಡಿದು ನೋಡಿದರೆ ಅದು ಒಂದೇ ಗೆರೆ ಆಗಿರಲಿಲ್ಲ. ಚಿಕ್ಕ ಚಿಕ್ಕ, ಅಂಕುಡೊಂಕು ಅಂಚಿನ, ಒಣಗಿ ಕಂದಾದ ತರಚು ಗುರುತುಗಳು ಕುತ್ತಿಗೆಯ ಮಡಿಕೆಯೊಳಗೆ ಸಾಲಾಗಿ ಕೂತಿದ್ದವು. ಶಿಶುವಿನ ಕುತ್ತಿಗೆಯಲ್ಲಿ ಚರ್ಮ ಮಡಿಚಿಕೊಂಡೇ ಇರುತ್ತದೆ, ಅಲ್ಲಿ ತೇವ ಉಳಿಯುತ್ತದೆ. ಕೈ ಎತ್ತಿ ಕಂಕುಳು ನೋಡಿದೆವು. ಅಲ್ಲೂ ಅದೇ ಗುರುತು. ತೊಡೆಸಂದಿಯಲ್ಲಿ, ಕಣ್ಣಿನ ರೆಪ್ಪೆಯ ಅಂಚಿನಲ್ಲಿ, ತುಟಿಯ ಮೂಲೆಯಲ್ಲಿ ಕೂಡ. ಕಂಕುಳನ್ನೂ ತೊಡೆಸಂದಿಯನ್ನೂ ಯಾರು ಹಿಸುಕುತ್ತಾರೆ? ಸೀರೆಯ ಗಂಟು ಬಿಚ್ಚಿ ಬಿಳಿ ಕಾಗದದ ಮೇಲೆ ಕೊಡವಿದಾಗ ಸತ್ತ ಕೆಂಪಿರುವೆಗಳು ಉದುರಿದವು. ತಿಪ್ಪೆಯಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ಬಿದ್ದಿದ್ದ ದೇಹಕ್ಕೆ ಇರುವೆ ಹತ್ತದೆ ಇರುತ್ತದೆಯೇ. ಸತ್ತ ಮೇಲೆ ಇರುವೆ ಕಚ್ಚಿದ ಗುರುತನ್ನು ಹಿಸುಕಿದ ಗುರುತು ಅಂತ ತಪ್ಪಾಗಿ ಓದುವುದು ನಮ್ಮ ದೇಶದ ಶವಾಗಾರಗಳಿಗೆ ಹೊಸದೇನಲ್ಲ.

ಆದರೂ ನೋಡಿ ಹೇಳಿದರೆ ಸಾಲದು, ಬಿಡಿಸಿ ತೋರಿಸಬೇಕು. ಕುತ್ತಿಗೆಯನ್ನು ಕೊನೆಗೆ ಇಟ್ಟುಕೊಂಡೆವು. ಮೊದಲು ತಲೆ, ಎದೆ ಬಿಚ್ಚಿ ಅಲ್ಲಿನ ರಕ್ತವೆಲ್ಲ ಇಳಿದ ಮೇಲೆ ಕುತ್ತಿಗೆಯ ಒಂದೊಂದೇ ಪದರ ಎತ್ತಬೇಕು, ಇಲ್ಲದಿದ್ದರೆ ನಾವು ಕೊಯ್ದಾಗ ಸೋರಿದ ರಕ್ತವೇ ಪೆಟ್ಟಿನ ಹಾಗೆ ಕಾಣುತ್ತದೆ. ಗುರುತಿನ ಕೆಳಗೆ ಚರ್ಮದಲ್ಲಿ ರಕ್ತ ಹೆಪ್ಪುಗಟ್ಟಿರಲಿಲ್ಲ, ಸ್ನಾಯುವಿನಲ್ಲೂ ಇರಲಿಲ್ಲ. ಆ ಚರ್ಮದ ತುಣುಕುಗಳನ್ನು ಸೂಕ್ಷ್ಮದರ್ಶಕಕ್ಕೆ ಕಳಿಸಿದೆವು. ಜೀವ ಇದ್ದಾಗ ಆದ ಗಾಯ ಅನ್ನಲು ಅಲ್ಲಿಯೂ ಏನೂ ಸಿಗಲಿಲ್ಲ.

ಥೈಮಸ್ ಗ್ರಂಥಿಯ ಮೇಲೆ, ಹೃದಯದ ಮೇಲೆ ಸಣ್ಣ ರಕ್ತದ ಚುಕ್ಕೆಗಳಿದ್ದವು. ಉಸಿರುಗಟ್ಟಿಸಿದ್ದಕ್ಕೆ ಇದೇ ಸಾಕ್ಷಿ ಅಂತ ಬರೆದ ವರದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೊಟ್ಟೆಯೊಳಗೇ ಆಮ್ಲಜನಕ ಸಿಗದೆ ಸತ್ತ ಶಿಶುವಿನಲ್ಲೂ ಇವು ಇರುತ್ತವೆ. ಚುಕ್ಕೆ ಹೇಳುವುದು ಆಮ್ಲಜನಕ ಸಾಲಲಿಲ್ಲ ಅಂತ ಮಾತ್ರ. ಯಾರಿಂದ, ಎಲ್ಲಿ, ಯಾಕೆ ಅಂತ ಅದು ಹೇಳುವುದಿಲ್ಲ.

ಹೊಕ್ಕುಳಬಳ್ಳಿಯನ್ನು ಕಟ್ಟಿರಲಿಲ್ಲ, ಕೊಯ್ದೂ ಇರಲಿಲ್ಲ. ತುದಿ ಎಳೆಎಳೆಯಾಗಿ ಹರಿದಿತ್ತು. ಬುಡದಲ್ಲಿ ಕೆಂಪು ಉಂಗುರ ಕಟ್ಟಿರಲಿಲ್ಲ. ಅದು ಕಟ್ಟಲು ಶಿಶು ಒಂದೂವರೆ ಎರಡು ದಿನವಾದರೂ ಬದುಕಿರಬೇಕು. ಹೊಟ್ಟೆಯಲ್ಲಿ ಹಾಲಿರಲಿಲ್ಲ. ಹೆಚ್ಚು ಹೊತ್ತು ಬದುಕಿದ ಕುರುಹು ಯಾವುದೂ ಇಲ್ಲ ಅಂತಾಯಿತು. ಹಾಗಾದರೆ ಉಳಿದಿದ್ದು ಒಂದೇ ಪ್ರಶ್ನೆ: ಹುಟ್ಟಿದ ಕ್ಷಣದಲ್ಲಿ ಜೀವ ಇತ್ತೇ?

ಇಲ್ಲಿಗೆ ಬರುವುದು ಆ ಪ್ರಸಿದ್ಧ ತೇಲುವ ಪರೀಕ್ಷೆ. ಶ್ವಾಸಕೋಶವನ್ನು ನೀರಿಗೆ ಹಾಕು, ತೇಲಿದರೆ ಉಸಿರಾಡಿದೆ, ಮುಳುಗಿದರೆ ಇಲ್ಲ. 1680ರ ದಶಕದಲ್ಲಿ ಜರ್ಮನಿಯ ಯೋಹಾನ್ ಶ್ರೇಯರ್ ಎಂಬ ವೈದ್ಯ ಇದನ್ನು ಒಬ್ಬ ಹುಡುಗಿಯ ಮೇಲಿನ ಶಿಶುಹತ್ಯೆಯ ಆರೋಪದಲ್ಲಿ ಬಳಸಿದ. 1783ರಲ್ಲೇ ಲಂಡನ್ನಿನ ವಿಲಿಯಂ ಹಂಟರ್, ಇದನ್ನು ನಂಬಿ ಹೆಣ್ಣುಮಕ್ಕಳನ್ನು ಗಲ್ಲಿಗೆ ಕಳಿಸಬೇಡಿ ಅನ್ನುವ ಅರ್ಥದಲ್ಲಿ ಎಚ್ಚರಿಕೆ ಕೊಟ್ಟಿದ್ದ. ಆದರೂ ನಮ್ಮ ಎಂಬಿಬಿಎಸ್ ವೈವಾದಲ್ಲಿ ಇವತ್ತಿಗೂ ಕೇಳುವುದು ಪರೀಕ್ಷೆ ಹೇಗೆ ಮಾಡುತ್ತೀಯ ಅಂತ. ಯಾವಾಗ ಮಾಡಬಾರದು ಅಂತ ಕೇಳುವವರು ಕಮ್ಮಿ.

ನಾವು ಮಾಡಿದೆವು. ಮಾಡದಿದ್ದರೆ ಕೋರ್ಟಿನಲ್ಲಿ ಅದೇ ದೊಡ್ಡ ಪ್ರಶ್ನೆಯಾಗುತ್ತದೆ. ಗಾಜಿನ ಜಾರಿನಲ್ಲಿ ಎರಡೂ ಶ್ವಾಸಕೋಶ ತೇಲಿದವು. ತುಂಡು ಮಾಡಿ ಹಾಕಿದೆವು, ತೇಲಿದವು. ತುಂಡುಗಳನ್ನು ಬಟ್ಟೆಯ ನಡುವೆ ಇಟ್ಟು ಒತ್ತಿ ಹಿಂಡಿ ಮತ್ತೆ ಹಾಕಿದರೆ ಕೆಲವು ಮುಳುಗಿದವು, ಕೆಲವು ಹಟ ಹಿಡಿದ ಹಾಗೆ ಮೇಲೆಯೇ ನಿಂತವು. ಪಿಜಿ ಹುಡುಗನ ಮುಖದಲ್ಲಿ 'ನಾನು ಹೇಳಲಿಲ್ವಾ' ಅನ್ನುವ ಕಳೆ. ಆಮೇಲೆ ಲಿವರಿನ ಒಂದು ತುಂಡನ್ನು ಅದೇ ನೀರಿಗೆ ಬಿಟ್ಟೆವು. ಲಿವರ್ ಉಸಿರಾಡುವುದಿಲ್ಲ, ಅದು ಮುಳುಗಲೇಬೇಕು. ಅದು ಅರ್ಧದವರೆಗೆ ಇಳಿದು, ಅಂಚಿನಲ್ಲಿ ಸಣ್ಣ ಗುಳ್ಳೆಗಳನ್ನು ಹೊತ್ತುಕೊಂಡು, ನಿಧಾನಕ್ಕೆ ಮೇಲೆ ಬಂದು ಶ್ವಾಸಕೋಶದ ತುಂಡಿನ ಪಕ್ಕದಲ್ಲೇ ನಿಂತಿತು. ಕೊಳೆತಾಗ ಹುಟ್ಟುವ ಗಾಳಿ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಈ ದೇಹದಲ್ಲಿ ತೇಲುವುದಕ್ಕೆ ಅರ್ಥವೇ ಉಳಿದಿಲ್ಲ ಅಂತ ಬರೆದುಕೊಂಡೆವು, ಜಾರಿನ ಫೋಟೋ ಕೂಡ ತೆಗೆದೆವು.

ಕಾನೂನಿನ ಕಡೆಯಿಂದಲೂ ಒಂದು ಮಾತು. ನಮ್ಮ ಕಾನೂನಿನಲ್ಲಿ ಶಿಶು ಉಸಿರಾಡಿರಲೇಬೇಕು ಅಂತಿಲ್ಲ. ನ್ಯಾಯ ಸಂಹಿತೆಯ ಸೆಕ್ಷನ್ 100ರ ವಿವರಣೆಯ ಪ್ರಕಾರ ಜೀವ ಇರುವ ಶಿಶುವಿನ ಯಾವುದಾದರೂ ಭಾಗ ಹೊರಗೆ ಬಂದಿದ್ದರೂ ಸಾಕು, ಅದರ ಸಾವಿಗೆ ಕಾರಣವಾಗುವುದು ನರಹತ್ಯೆ ಆಗಬಹುದು. ಹೆರಿಗೆಯ ದಾರಿಯಲ್ಲೇ ಒಂದೆರಡು ಉಸಿರು ಎಳೆದು, ಪೂರ್ತಿ ಹೊರಬರುವ ಮೊದಲೇ ತಾನಾಗಿ ಸಾಯುವ ಶಿಶುಗಳೂ ಇರುತ್ತವೆ. ಅಂದರೆ ತೇಲುವ ಪರೀಕ್ಷೆ ಸರಿಯಾಗಿ ನಡೆದರೂ ಅದು ಉತ್ತರಿಸುವುದು ಕೋರ್ಟು ಕೇಳಿದ ಪ್ರಶ್ನೆಗೆ ಅಲ್ಲ, ಅದರ ಪಕ್ಕದ ಪ್ರಶ್ನೆಗೆ.

ಶವ ತನ್ನ ಪಾಲಿನದ್ದನ್ನು ಹೇಳಿ ಮುಗಿಸಿತ್ತು. ಈ ಕೇಸು ತಿರುಗಿದ್ದು ಶವಾಗಾರದಲ್ಲಿ ಅಲ್ಲ, ಹೆರಿಗೆ ವಾರ್ಡಿನಲ್ಲಿ.

ಹುಡುಗಿಯನ್ನು ಮಹಿಳಾ ಪೇದೆಯೊಬ್ಬರು ಸೋಮವಾರ ರಾತ್ರಿಯೇ ನಮ್ಮಲ್ಲಿಗೆ ಕರೆತಂದಿದ್ದರು. ಬಂದಿದ್ದು 'ಹೆರಿಗೆ ಆಗಿದೆಯೇ ಪರೀಕ್ಷಿಸಿ' ಎಂಬ ಪತ್ರದ ಜೊತೆ, ಚಿಕಿತ್ಸೆಗೆ ಅಲ್ಲ. ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು, ರಕ್ತಸ್ರಾವ ನಿಂತಿರಲಿಲ್ಲ. ಹೆರಿಗೆ ವಿಭಾಗದ ಮೇಡಂ ಪತ್ರವನ್ನು ಪಕ್ಕಕ್ಕಿಟ್ಟು ಮೊದಲು ರಕ್ತ ಹಾಕಿಸಿದರು, ಒಳಗೆ ಉಳಿದಿದ್ದ ಮಾಸಿನ (ಗರ್ಭದಲ್ಲಿ ಶಿಶುವಿಗೆ ಆಮ್ಲಜನಕ ತಲುಪಿಸುವ ಪ್ಲಾಸೆಂಟಾ) ಚೂರುಗಳನ್ನು ತೆಗೆದು ಲ್ಯಾಬಿಗೆ ಇಟ್ಟರು. ಅವತ್ತು ರಾತ್ರಿ ಹಾಗೆ ಮಾಡದಿದ್ದರೆ ನಮಗೆ ಎರಡನೇ ಶವವೂ ಬರುತ್ತಿತ್ತು.

ಮರುದಿನ ನಾನು ಅವಳ ಕೇಸ್ ಶೀಟ್ ತೆರೆದೆ. ಮೊದಲ ಪುಟದಲ್ಲೇ 'ಮನೆಯಲ್ಲಿ ಹೆತ್ತು ಮಗುವನ್ನು ಎಸೆದಿರುತ್ತಾಳೆ' ಅಂತ ಇತ್ತು. ಇದನ್ನು ಯಾರು ಹೇಳಿದ್ದು ಅಂತ ಕೇಳಿದರೆ, ಹುಡುಗಿ ಅಲ್ಲ, ಜೊತೆಗಿದ್ದ ಪೇದೆ. ಬರೆದುಕೊಂಡ ಇಂಟರ್ನಿ ಅದನ್ನು ರೋಗಿಯ ಮಾತು ಅನ್ನುವ ಜಾಗದಲ್ಲಿ ಬರೆದುಬಿಟ್ಟಿದ್ದ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಡಾಕ್ಟರಿಗೆ ಹೇಳಿದ್ದು ನಿಲ್ಲಬಹುದು. ಹೀಗೆ ಠಾಣೆಯ ಮಾತು ಆಸ್ಪತ್ರೆಯ ಕಾಗದ ಹತ್ತಿದರೆ ವರ್ಷಗಳ ನಂತರ ಕೋರ್ಟಿನಲ್ಲಿ ಅದು ಅವಳ ಬಾಯಿಂದಲೇ ಬಂದ ಹಾಗೆ ಓದಿಸಿಕೊಳ್ಳುತ್ತದೆ. ಮೇಡಂ ಆ ಸಾಲನ್ನು ಅಳಿಸಲಿಲ್ಲ, ಅಳಿಸಬಾರದು ಕೂಡ. ಕೆಳಗೆ ತಾರೀಖು, ಹೊತ್ತು ಹಾಕಿ 'ಈ ಹೇಳಿಕೆ ಜೊತೆಗೆ ಬಂದ ಪೇದೆಯದ್ದು, ರೋಗಿಯದ್ದಲ್ಲ' ಅಂತ ಬರೆದು ಸಹಿ ಮಾಡಿದರು.

ಆಮೇಲೆ ಪೇದೆಯನ್ನು ಹೊರಗೆ ಕೂರಿಸಿ, ಅವರೇ ಹುಡುಗಿಯ ಹತ್ತಿರ ಕೂತು ಮಾಮೂಲಿ ಹೆರಿಗೆ ಕೇಸಿನಲ್ಲಿ ಕೇಳುವುದನ್ನೇ ಕೇಳಿದರು. ನೋವು ಯಾವಾಗ ಶುರು? ನೀರು ಹೋಯಿತೋ ರಕ್ತ ಹೋಯಿತೋ? ಮಗು ಅಲುಗುತ್ತಿತ್ತಾ? ಶನಿವಾರ ಮಧ್ಯಾಹ್ನದಿಂದ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ಬಿಡದೆ ನೋವು, ಕಪ್ಪು ರಕ್ತದ ಗಡ್ಡೆ. ಸಂಜೆಯಿಂದ ಅಲುಗಾಟ ಗೊತ್ತಾಗಲಿಲ್ಲ. ರಾತ್ರಿ ಬಚ್ಚಲಿನಲ್ಲಿ ಒಂದೇ ಸಲಕ್ಕೆ ಹೆರಿಗೆ. ಇದನ್ನು ಕೇಳಿದ ಯಾವ ಹೆರಿಗೆ ಡಾಕ್ಟರಿಗೂ ಒಂದೇ ಅನುಮಾನ ಬರುವುದು: ಶಿಶು ಹುಟ್ಟುವ ಮೊದಲೇ ಮಾಸು ಗರ್ಭಕೋಶದಿಂದ ಬಿಟ್ಟುಕೊಂಡಿರಬೇಕು.

ಹಾಗಾದರೆ ಮಾಸು ಎಲ್ಲಿ? ಪಂಚನಾಮೆಯಲ್ಲಿ ಸೀರೆ ಇದೆ, ತಿಪ್ಪೆ ಇದೆ, ಬಚ್ಚಲಿನ ರಕ್ತದ ಕಲೆ ಇದೆ. ಮಾಸಿನ ಸುದ್ದಿಯೇ ಇಲ್ಲ. ಸಬ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. "ಅದು ಯಾಕೆ ಸರ್, ಶವ ಕೊಟ್ಟಿದೀವಲ್ಲ" ಅಂದರು. ಆದರೂ ಹೋದರು, ಅದಕ್ಕೆ ಅವರಿಗೆ ಮೆಚ್ಚುಗೆ ಸಲ್ಲಬೇಕು. ಬಚ್ಚಲಿನ ಹಿಂದೆ ತೆಂಗಿನ ಮರದ ಬುಡದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೂತಿದ್ದು ಸಿಕ್ಕಿತು. ಕೊಳೆತಿತ್ತು, ಆದರೆ ಓದಲು ಬರುತ್ತಿತ್ತು. ತಾಯಿಯ ಕಡೆಯ ಮೈಯಲ್ಲಿ ಅಂಗೈ ಅಗಲದ ಗುಳಿ, ಅದರೊಳಗೆ ಅಂಟಿಕೊಂಡ ಕಪ್ಪು ಹೆಪ್ಪು. ಒಂದು ಅಂಚು ಕಿತ್ತುಹೋಗಿತ್ತು. ವಾರ್ಡಿನಲ್ಲಿ ತೆಗೆದ ಚೂರುಗಳು ಅಲ್ಲಿಯವೇ ಇರಬೇಕು. ಮಾಸಿನ ಕಡೆಯ ಬಳ್ಳಿಯ ತುದಿಯೂ ಅದೇ ರೀತಿ ಹರಿದಿತ್ತು, ಶಿಶುವಿನ ಕಡೆಯ ತುದಿಗೆ ಹೊಂದುತ್ತಿತ್ತು.

ಇನ್ನೂ ಒಂದು ಉಳಿದಿತ್ತು. ಹಿಂಡಿದರೂ ತೇಲಿದ ಆ ಶ್ವಾಸಕೋಶದ ತುಂಡುಗಳು, ಎಕ್ಸ್‌ರೇಯ ಹೊಟ್ಟೆಯ ಗಾಳಿ. ಎಲ್ಲವನ್ನೂ ಕೊಳೆತದ್ದರ ಮೇಲೆ ಹಾಕಬಹುದಿತ್ತು. ಆದರೆ ಶಿಶುವಿನ ಶ್ವಾಸಕೋಶ ಲಿವರಿನಷ್ಟು ಬೇಗ ಕೊಳೆಯುವುದಿಲ್ಲ, ಹಾಗಾಗಿ ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಹುಡುಗಿಯ ತಾಯಿ ಅಷ್ಟು ದಿನ ಬಾಯಿಯೇ ಬಿಟ್ಟಿರಲಿಲ್ಲ. ವಾರ್ಡಿನಲ್ಲಿ ಮಗಳಿಗೆ ಗಂಜಿ ಕುಡಿಸಲು ಬಂದಿದ್ದಾಗ ಮೇಡಂ, "ಮಗು ಅತ್ತಿತಾ ಅಮ್ಮ?" ಅಂತ ಸುಮ್ನೆ ಕೇಳಿದ ಹಾಗೆ ಕೇಳಿದರು.

"ಅಳ್ಲೇ ಇಲ್ಲ ಕಣವ್ವ. ಬೆನ್ನು ತಟ್ದೆ, ಕಿವಿ ಹತ್ರ ತಟ್ಟೆ ಬಡಿದೆ, ಬಾಯಿಗೆ ಬಾಯಿ ಇಟ್ಟು ಊದ್ದೆ. ಹೊಟ್ಟೆ ಉಬ್ತು ಅಷ್ಟೇ, ಅಳ್ಲಿಲ್ಲ."

ಉಸಿರು ತರಿಸಲು ಊದಿದ ಗಾಳಿ ಶ್ವಾಸಕೋಶಕ್ಕೂ ಹೋಗುತ್ತದೆ, ಹೊಟ್ಟೆಗೂ ಹೋಗುತ್ತದೆ. ಹಿಂಡಿದರೂ ಪೂರ್ತಿ ಬರುವುದಿಲ್ಲ. ತೇಲುವ ಪರೀಕ್ಷೆ ಕೈಕೊಡುವುದಕ್ಕೆ ಪುಸ್ತಕದಲ್ಲೇ ಇರುವ ಎರಡನೇ ಕಾರಣ ಇದು. ಆಮೇಲೆ ಬಂದ ಪೆಥಾಲಜಿ ವರದಿಯೂ ಇದಕ್ಕೆ ಹೊಂದುವಂತೆಯೇ ಇತ್ತು: ಶ್ವಾಸಕೋಶ ಒಂದೇ ಸಮ ಅರಳಿರಲಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಉಬ್ಬಿತ್ತು. ಗಾಳಿಯ ನಾಳಗಳಲ್ಲಿ ಶಿಶುವಿನ ಮೊದಲ ಮಲದ ಕಣಗಳೂ ಚರ್ಮದ ಪುಡಿಯೂ ಸಿಕ್ಕಿದ್ದವು, ಹೊಟ್ಟೆಯೊಳಗೇ ತೊಂದರೆಗೆ ಸಿಕ್ಕ ಶಿಶು ನೀರಿನ ಸಮೇತ ಎಳೆದುಕೊಳ್ಳುವಂಥವು.

ಆ ಅಜ್ಜಿ ಮೊದಲೇ ಯಾಕೆ ಹೇಳಲಿಲ್ಲ? ಬಾಯಿಗೆ ಬಾಯಿ ಇಟ್ಟೆ ಅಂದರೆ ಉಸಿರುಗಟ್ಟಿಸಿದಳು ಅಂತ ಬರೆದುಬಿಡುತ್ತಾರೆ ಅನ್ನುವ ಭಯ. ಭಯ ಸುಳ್ಳೂ ಅಲ್ಲ. ಮಗು ಅಳುವುದಿಲ್ಲ ಅಂತ ಖಾತ್ರಿಯಾದ ಮೇಲೆ ಕತ್ತಲಲ್ಲಿ ಸೀರೆ ಸುತ್ತಿ ತಿಪ್ಪೆಗೆ ಇಟ್ಟು ಬಂದದ್ದು ತಾನೇ ಅಂತಲೂ ಒಪ್ಪಿಕೊಂಡರು. ಮಗಳಿಗೆ ಆ ಹೊತ್ತಿಗೆ ಪ್ರಜ್ಞೆ ಸರಿಯಾಗಿ ಇರಲಿಲ್ಲ. ಇದು ಅಜ್ಜಿಯ ಮಾತು, ನಿಜ. ಸುಳ್ಳೂ ಇರಬಹುದು. ಆದರೆ ಬಾಯಿಗೆ ಊದಿದ್ದು, ಹೊಟ್ಟೆ ಉಬ್ಬಿದ್ದು ಅಂತ ಅವರು ಹೇಳಿದ್ದಕ್ಕೆ ದೇಹದಲ್ಲಿ ಜೋಡಿ ಸಿಕ್ಕಿತ್ತು, ಮತ್ತು ನಮ್ಮ ವರದಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಅಭಿಪ್ರಾಯ ಬರೆಯುವಾಗ ಪೆಥಾಲಜಿಯವರು, ಹೆರಿಗೆಯ ಮೇಡಂ, ನಾನು ಒಟ್ಟಿಗೆ ಕೂತೆವು. ಬರೆದದ್ದು ಇಷ್ಟು. ಶಿಶು ದಿನ ತುಂಬುವ ಹತ್ತಿರದ್ದು. ಕುತ್ತಿಗೆ ಮತ್ತು ಇತರ ಕಡೆಯ ಗುರುತುಗಳು ಸತ್ತ ಮೇಲೆ ಇರುವೆಗಳಿಂದ ಆದವು. ಹಿಸುಕಿದ್ದಕ್ಕೆ ಸಾಕ್ಷಿ ಇಲ್ಲ. ಜೀವಂತ ಹುಟ್ಟಿತ್ತೇ ಇಲ್ಲವೇ ಎಂದು ಹೇಳಲು ಸಾಧ್ಯವಿಲ್ಲ. ಮಾಸು ಮೊದಲೇ ಬಿಟ್ಟುಕೊಂಡಿದ್ದಕ್ಕೆ ಸಾಕ್ಷಿ ಇದೆ, ಅದೊಂದೇ ಶಿಶುವಿನ ಸಾವಿಗೆ ಸಾಕಾಗಬಹುದು. ಶಿಶು ಸತ್ತೇ ಹುಟ್ಟಿತ್ತು ಅಂತ ನಾವು ಬರೆಯಲಿಲ್ಲ. ಹುಡುಗಿಯ ಮೇಲೆ ಕನಿಕರ ಇತ್ತು, ಹಾಗೆ ಬರೆಯಲು ಮನಸ್ಸೂ ಆಗುತ್ತಿತ್ತು. ಆದರೆ ಹೊಟ್ಟೆಯೊಳಗೇ ಸತ್ತು ಸಾಕಷ್ಟು ಹೊತ್ತಾಗಿದ್ದರೆ ಕಾಣುವ ಚರ್ಮದ ಬದಲಾವಣೆ ಯಾವುದು, ಕೊಳೆತದ್ದು ಯಾವುದು ಅಂತ ಈ ದೇಹದಲ್ಲಿ ಬೇರೆ ಮಾಡಲು ಆಗುತ್ತಿರಲಿಲ್ಲ.

"ಹೇಳಲು ಆಗಲ್ಲ ಅಂದ್ರೆ ನಾನು ಚಾರ್ಜ್‌ಶೀಟಲ್ಲಿ ಏನ್ ಬರೀಲಿ ಸರ್?" ಸಬ್ ಇನ್‌ಸ್ಪೆಕ್ಟರು ಸಿಟ್ಟಿನಲ್ಲೇ ಕೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಮೇಲಿನವರಿಗೂ ಊರಿಗೂ ಅವರೇ ಉತ್ತರ ಹೇಳಬೇಕು. ಆದರೆ ಶವವಾಗಿ ಸಿಕ್ಕ ನವಜಾತ ಶಿಶು ಸತ್ತೇ ಹುಟ್ಟಿತ್ತು ಅನ್ನುವುದು ಕಾನೂನು ಮೊದಲು ಇಟ್ಟುಕೊಳ್ಳುವ ನಂಬಿಕೆ. ಜೀವ ಇತ್ತು ಅಂತ ತೋರಿಸುವ ಹೊರೆ ಆರೋಪ ಹೊರಿಸುವವರ ಮೇಲಿದೆ. ಹಾಗಾಗಿ ನಮ್ಮ 'ಹೇಳಲಾಗದು' ಸುಮ್ನೆ ಜಾರಿಕೊಳ್ಳುವ ಮಾತಲ್ಲ, ಕೇಸನ್ನು ನಿರ್ಧರಿಸುವ ಮಾತೇ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಛತ್ತೀಸ್‌ಗಡದ ಒಬ್ಬ ಹೆಣ್ಣುಮಗಳನ್ನು ಇಂಥದ್ದೇ ಆರೋಪದಿಂದ ಬಿಡುಗಡೆ ಮಾಡಿತು. ಸತ್ತ ಶಿಶು ಆಕೆಯದ್ದೇ ಅನ್ನುವುದಕ್ಕೂ ಅಲ್ಲಿ ಸರಿಯಾದ ಪುರಾವೆ ಇರಲಿಲ್ಲ. ಊರಿನಲ್ಲಿ ಒಂಟಿಯಾಗಿದ್ದಳು ಅನ್ನುವುದರ ಮೇಲೆ ಕೊಲೆಯ ಪಟ್ಟ ಕಟ್ಟಬಾರದು ಅಂತ ಕೋರ್ಟು ಹೇಳಿತು. ಆ ತೀರ್ಪಿನ ವಿಷಯ ಅವರಿಗೆ ಹೇಳಿದೆ. ನಮ್ಮ ಕೇಸಿನಲ್ಲಿ ತೊಡೆಮೂಳೆಯ ತುಂಡು ಮತ್ತು ಹುಡುಗಿಯ ರಕ್ತದ ಡಿಎನ್‌ಎ ಹೊಂದಿಕೆ ಮೊದಲೇ ಆಗಿತ್ತು, ಆ ಗೊಂದಲ ಉಳಿದಿರಲಿಲ್ಲ.

ಚಾರ್ಜ್‌ಶೀಟಿನಿಂದ ಸೆಕ್ಷನ್ 103 ಬಿದ್ದುಹೋಯಿತು. 94 ಉಳಿಯಿತು. ಶಿಶು ಹುಟ್ಟುವ ಮೊದಲು ಸತ್ತಿತ್ತೋ ಆಮೇಲೋ ಅನ್ನುವುದು ಆ ಸೆಕ್ಷನ್ನಿಗೆ ಲೆಕ್ಕವಿಲ್ಲ, ಗುಟ್ಟಾಗಿ ಸಾಗಿಸಿದ್ದೇ ಅಪರಾಧ. ಆರೋಪಿ ನಂಬರ್ ಒಂದು ಈಗ ಅಜ್ಜಿ. ಚಾನೆಲ್ಲಿನಲ್ಲಿ ಇದು ಬರಲಿಲ್ಲ.

ಈ ಕೇಸಿನ ನಂತರ ನಮ್ಮ ವಿಭಾಗದಲ್ಲಿ ಒಂದೆರಡು ಪದ್ಧತಿ ಬದಲಾದವು. ಶಿಶುವಿನ ಶವದ ಫೋನ್ ಬಂದ ತಕ್ಷಣ ನಾವು ಕೇಳುವುದು ಮಾಸು ಸಿಕ್ಕಿದೆಯಾ ಅಂತ. ಸಿಕ್ಕಿದ್ದರೆ ತೊಳೆಯಬೇಡಿ, ಐಸ್ ಡಬ್ಬಿಯಲ್ಲಿ ಶವದ ಜೊತೆಗೇ ಕಳಿಸಿ ಅನ್ನುತ್ತೇವೆ. ಹೆತ್ತವಳು ಎಲ್ಲಿದ್ದಾಳೆ, ಅವಳನ್ನು ಯಾರು ನೋಡುತ್ತಿದ್ದಾರೆ ಅನ್ನುವುದು ಎರಡನೇ ಪ್ರಶ್ನೆ. ಉಸಿರು ತರಿಸಲು ಯಾರಾದರೂ ಏನಾದರೂ ಮಾಡಿದರಾ ಅನ್ನುವುದನ್ನು ಹೆರಿಗೆ ಡಾಕ್ಟರಿಂದಲೇ, ಪೊಲೀಸರಿಲ್ಲದೆ ಕೇಳಿಸುತ್ತೇವೆ. ಲಿವರ್ ತುಂಡು ಹಾಕದೆ ತೇಲುವ ಪರೀಕ್ಷೆ ಬರೆದ ವರದಿಗೆ ನಾನು ಸಹಿ ಹಾಕುವುದಿಲ್ಲ.

ಹುಡುಗಿ ಆ ಎಂಟು ಒಂಬತ್ತು ತಿಂಗಳು ಏನು ಮಾಡಿದಳು ಅನ್ನುವುದು ನಮ್ಮ ವರದಿಯ ವ್ಯಾಪ್ತಿಗೆ ಬರುವುದಿಲ್ಲ, ಆದರೂ ಮೇಡಂ ಕೇಳಿ ತಿಳಿದುಕೊಂಡಿದ್ದರು. ಮೆಡಿಕಲ್ ಶಾಪಿನಿಂದ ಗ್ಯಾಸ್ ಮಾತ್ರೆ, ಸಡಿಲ ಚೂಡಿದಾರ. ತಾಯಿ ಕಾರ್ಡ್ ಮಾಡಿಸಿದರೆ ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆ, ಅವರಿಗೆ ಗೊತ್ತಾದರೆ ಬೀದಿಗೇ ಗೊತ್ತಾಗುತ್ತದೆ ಅನ್ನುವ ಅಂಜಿಕೆ. ಬೇಡದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು, ಒಪ್ಪಿಸಿದ ಮೇಲೂ ಮರುಯೋಚನೆಗೆ ಎರಡು ತಿಂಗಳ ಅವಕಾಶ ಇದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ, ಇದ್ಯಾವುದನ್ನೂ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಫ್ಯಾಕ್ಟರಿಗೆ ತಿಂಗಳಿಗೊಮ್ಮೆ ಹೆಲ್ತ್ ಕ್ಯಾಂಪ್ ಬರುತ್ತಿತ್ತಂತೆ, ಬಿಪಿ, ಶುಗರ್ ನೋಡಿ ಹೋಗುತ್ತಿದ್ದರಂತೆ.

ಸೆಕ್ಷನ್ 94ರ ವಿಚಾರಣೆ ಇನ್ನೂ ನಡೆಯುತ್ತಿದೆ. ಹುಡುಗಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ವಾಯಿದೆ ಇದ್ದಾಗ ತಾಯಿಯ ಜೊತೆ ಬರುತ್ತಾಳೆ.